ತಮ್ದಾ ಬುಗ್ಗೆಯ ನೀರುಹುಳ

ಅಟ್ಲಾಸ್ ಬೆಟ್ಟದ ತಮ್ದಾ ಬುಗ್ಗೆಯ ನೀರನ್ನು ಮೂವತ್ತೊಂದು ವರ್ಷ ಮನೆಮನೆಯ ಸರದಿಯಂತೆ ಹಂಚಿದವನು ಅಸ್ಸು. ಸ್ವಂತ ಅಣ್ಣನ ಹೊಲವಾದರೂ ಸರಿ, ಸರದಿ ಮುಗಿದ ಗಳಿಗೆಗೆ ಮಣ್ಣು ಒತ್ತಿ ಕಾಲುವೆ ಮುಚ್ಚಿಬಿಡುತ್ತಿದ್ದ. ಇಂಥವನಿಗೆ ಊರಲ್ಲಿ ಗೆಳೆಯರು ಎಲ್ಲಿಂದ ಬರಬೇಕು? ಬುಗ್ಗೆಯ ಎಳ್ಳುಕಾಳಿನಷ್ಟು ಚಿಕ್ಕ, ಚಿಪ್ಪಿನ ನೀರುಹುಳಗಳೇ ಅವನ ಬಳಗ.

ಒಮ್ಮೆ ರಾಜಧಾನಿ ರಬಾತಿನಿಂದ ಹುಳಗಳನ್ನು ಅಭ್ಯಾಸ ಮಾಡುವ ಗಿಜ್ಲಾನ್ ಬಂದಳು. ಒಂದು ಹುಳ ಕಂಡಿತು. ಹಿಡಿಯುವಷ್ಟರಲ್ಲಿ ಮರಳಿಗೆ ಇಳಿಯಿತು.

"ಮಾವ, ಇದು ಯಾರೂ ಹೆಸರಿಡದ ಜಾತಿ ಇರ್ಬೇಕು. ಸಿಕ್ಕರೆ ಇದರಲ್ಲಿ ಹಾಕಿಡಿ" ಎಂದು ದ್ರವ ತುಂಬಿದ ಶೀಸೆ ಕೊಟ್ಟು ಹೋದಳು.

ಅಸ್ಸು ಮೂಸಿದರೆ ಮದ್ಯಸಾರ! ಐದು ಹೊತ್ತು ನಮಾಜು ಮಾಡುವವನು ಅದನ್ನು ಮನೆಯಲ್ಲಿಡುವುದುಂಟೆ? ಚೆಲ್ಲಿಬಿಟ್ಟ. ಹಿಮ ಕರಗಿದಾಗ ಹನ್ನೊಂದು ಹುಳ ಹಿಡಿದು, ಹೆಂಡತಿ ತೂದಾ ನಿಂಬೆಹಣ್ಣು ಹಾಕಿಡುವ ಉಪ್ಪುಹುಳಿ ರಸವನ್ನು ಅದೇ ಶೀಸೆಗೆ ತುಂಬಿ ಮುಳುಗಿಸಿದ.

"ವರ್ಷಗಟ್ಟಲೆ ನಿಂಬೆ ಕೆಡಲ್ಲ, ಹುಳ ಕೆಡುತ್ತಾ?" ಎಂದ.

"ಉಪ್ಪಿನಕಾಯಿಗೆ ಹುಳ ಬೀಳದ ಹಾಗೆ ಕಾಯೋರನ್ನ ನೋಡಿದ್ದೆ. ಹುಳದ್ದೇ ಉಪ್ಪಿನಕಾಯಿ ಹಾಕೋ ಗಂಡಸನ್ನ ಇವತ್ತೇ ನೋಡಿದ್ದು!" ಎಂದಳು ತೂದಾ.

ಆ ಬೇಸಗೆಯಲ್ಲಿ ಮೇಲಿನ ಸೇಬಿನ ತೋಟದವರು ಕೊಳವೆಬಾವಿ ಕೊರೆಸಿದರು. ತಮ್ದಾ ಬತ್ತಿತು. ಸರದಿಯೂ ಇಲ್ಲ, ಅಸ್ಸುವಿಗೆ ಕೆಲಸವೂ ಇಲ್ಲ. ಉಳಿದದ್ದು ಆ ಶೀಸೆಯೊಂದೇ.

ಮರುವರ್ಷ ಮರಳಿ ಬಂದ ಗಿಜ್ಲಾನ್ ಶೀಸೆಯ ಬಿರಡೆ ತೆಗೆದು ಮೂಸಿದಳು.

"ಅಯ್ಯೋ ಮಾವ! ಇದರ ಬಳಗದ ಜಾತಿಗಳು ಯಾವ ಬೆಟ್ಟದಲ್ಲಿವೆ, ಯಾವಾಗ ಬೇರೆ ಆದವು ಅಂತ ಒಳಗಿನ ವಂಶವಾಹಿ ನೋಡಿ ಹೇಳ್ಬೇಕಿತ್ತು. ಹುಳಿ ಅದನ್ನೆಲ್ಲ ತಿಂದುಬಿಟ್ಟಿದೆ."

ನೀರಿನಲ್ಲಿ ಒಂದು ಗಳಿಗೆಯೂ ತಪ್ಪದವನು ಹುಳದಲ್ಲಿ ತಪ್ಪಿದ್ದ. ಪಾಪ, ನಾಚಿಕೆಯಿಂದ ಅವನ ತಲೆ ಮೇಲೇಳಲಿಲ್ಲ.

"ಹಂಗಾದ್ರೆ ಅದು ಇಲ್ಲಿ ಬದುಕಿತ್ತು ಅನ್ನೋದಕ್ಕೂ ಸಾಕ್ಷಿ ಇಲ್ವಾ?"

ಅವಳು ಸೂಕ್ಷ್ಮದರ್ಶಕ ಹೊರತೆಗೆದು ಒಂದೊಂದೇ ಹುಳ ನೋಡಿದಳು. ಮಧ್ಯಾಹ್ನದ ಚಹಾ ಆರಿತು. ನಾಲ್ಕು ಗಂಡುಗಳಿದ್ದವು. ಚಿಪ್ಪು ಗಟ್ಟಿಯಾಗಿತ್ತು, ಜಾತಿಯ ಗುರುತು ಹೇಳುವ ಗಂಡಿನ ಅಂಗವೂ ಕೆಟ್ಟಿರಲಿಲ್ಲ.

"ಸಾಕ್ಷಿ ಇದೆ ಮಾವ! ಹೊಸ ಜಾತಿನೇ. ಬಳಗ ಯಾವುದು ಅಂತ ಮಾತ್ರ ಗೊತ್ತಿಲ್ಲ ಅಂತ ಬರೀತೀನಿ." ಕಣ್ಣೊರೆಸಿಕೊಂಡು ನಕ್ಕಳು. "ನಿಮ್ಮ ಹೆಸರೇ ಇಡ್ಲಾ?"

ಅಸ್ಸು ಒಣಗಿದ ಕಾಲುವೆಯ ಕಡೆ ನೋಡಿದ.

"ನನ್ನ ಹೆಸರು ಹೇಳೋಕೆ ಮೊಮ್ಮಕ್ಕಳಿದ್ದಾರೆ, ಮಗಳೇ. ತಮ್ದಾಗೆ ಯಾರಿದ್ದಾರೆ? ಅದರ ಹೆಸರಿಡು."