ಹುಳುಮನೆಗೆ ಕರೆದ ದಿನ ನಾನು ಬಸ್ಸು ಹತ್ತಬೇಕಿತ್ತು

ರಾಮನಗರದಲ್ಲಿ ನನ್ನ ಮೊದಲ ಬೆಳಿಗ್ಗೆ, ಕೋಣೆಯಲ್ಲಿ ಇಲಿ ಸತ್ತಿದೆ ಎಂದುಕೊಂಡು ಮಂಚ ಸರಿಸಿದೆ. ಬೀರು ತೆರೆದೆ, ಬಚ್ಚಲಿನ ಜಾಲರಿ ಎತ್ತಿ ನೋಡಿದೆ. ಏನೂ ಇರಲಿಲ್ಲ. ವಾಸನೆ ಮಾತ್ರ ಇತ್ತು. ಕಿಟಕಿ ತೆರೆದರೆ ಇನ್ನೂ ಹೆಚ್ಚಾಗುತ್ತಿತ್ತು. ಕೆಳಗಿಳಿದು ಮನೆಯೊಡತಿ ಜುಲೇಖಾ ಆಪಾ ಅವರಿಗೆ ಹೇಳಿದೆ. ಅವರು ಹಿತ್ತಲಿನ ಶೆಡ್ಡಿಗೆ ಕರೆದೊಯ್ದರು. ಅಲ್ಲಿ ಬಿಸಿನೀರಿನ ತೊಟ್ಟಿಗಳಲ್ಲಿ ರೇಷ್ಮೆ ಗೂಡುಗಳು ಬೇಯುತ್ತಿದ್ದವು. ನೂಲು ಬಿಚ್ಚಿದ ಮೇಲೆ ಉಳಿದ ಕಂದು ಬಣ್ಣದ ಹುಳುಗಳು ಬುಟ್ಟಿಯಲ್ಲಿ ರಾಶಿ ಬಿದ್ದಿದ್ದವು.

“ಇದೇ ನಿನ್ ಇಲಿ,” ಎಂದರು ಆಪಾ. “ಬಾಡಿಗೆ ಯಾಕೆ ಕಮ್ಮಿ ಅಂತ ಕೇಳ್ಲೇ ಇಲ್ವಲ್ಲ ನೀನು? ಇದ್ಕೇ ಅಮ್ಮಾ. ಒಂದ್ ವಾರ ತಡ್ಕೊ. ಆಮೇಲೆ ವಾಸ್ನೆ ಬರ್ಲಿಲ್ಲ ಅಂದ್ರೆ ಭಯ ಆಗ್ತೈತೆ, ಕೆಲ್ಸ ನಿಂತೋಯ್ತಾ ಅಂತ.”

ಅವರು ಹೇಳಿದ್ದು ನಿಜ. ನನಗೆ ವಾರಕ್ಕಿಂತ ಸ್ವಲ್ಪ ಹೆಚ್ಚು ಹಿಡಿಯಿತು.

ವಿಜಯಪುರದ ಕಡೆಯಿಂದ ಬಂದವರಿಗೆ ಈ ಸೀಮೆ ಮೊದಲು ಕಣ್ಣಿಗೆ ಅಡ್ಡ ನಿಲ್ಲುತ್ತದೆ. ನಮ್ಮಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಮುಂದಿನ ಊರಿನ ಗುಡಿಯ ಶಿಖರ ಕಾಣುತ್ತದೆ. ಇಲ್ಲಿ ಯಾವ ಕಡೆ ತಿರುಗಿದರೂ ಬಂಡೆ. ಮಾಗಡಿಯ ಹತ್ತಿರದ ಸಾವನದುರ್ಗ ಇಡೀ ಒಂದೇ ಕಲ್ಲು ಎಂದು ಫೋನಿನಲ್ಲಿ ಹೇಳಿದಾಗ ನನ್ನಣ್ಣ ನಂಬಲಿಲ್ಲ. ಚಿತ್ರ ಕಳಿಸಿದೆ. “ಎಡಿಟ್ ಮಾಡೀದಿ,” ಎಂದ.

ಮಾತಿನದು ಬೇರೆ ಕಥೆ. ನಾವು ತೊಟ್ಟಿಲ ಕೂಸಿಗೂ ‘ರೀ’ ಹಚ್ಚುವ ಜನ. ಇಲ್ಲಿ ಕಂಡಕ್ಟರ್ ಮೊದಲ ದಿನವೇ, “ಒಸಿ ಒಳಿಕ್ ಹೋಗಮ್ಮ, ಬಾಗ್ಲಲ್ಲೇ ಯಾಕ್ ನಿಂತಿದ್ದೀಯ?” ಎಂದ. ‘ಒಸಿ’ ಎಂದರೆ ಸ್ವಲ್ಪ ಎಂದು ಪಕ್ಕದವರಿಂದ ತಿಳಿಯಿತು. ಏಕವಚನಕ್ಕೆ ಮಾತ್ರ ಯಾರೂ ಅರ್ಥ ಹೇಳಲಿಲ್ಲ. ಮೊದಲ ತಿಂಗಳೆಲ್ಲ ಊರೇ ನನ್ನನ್ನು ಗದರಿಸುತ್ತಿದೆ ಎಂದು ತಿಳಿದಿದ್ದೆ. ಗದರುವವರೇ ಊಟ ಆಯಿತೇ ಎಂದು ಕೇಳುವುದನ್ನು ಕಂಡ ಮೇಲೆ ಆ ಅಭಿಪ್ರಾಯ ಬದಲಿಸಿಕೊಂಡೆ. ಊಟದಲ್ಲಿ ರೊಟ್ಟಿಯ ಜಾಗಕ್ಕೆ ರಾಗಿ ಮುದ್ದೆ ಬಂತು. ಅದನ್ನು ಅಗಿಯದೆ ನುಂಗಬೇಕು. ನಾನು ಇಂದಿಗೂ ಕದ್ದು ಅಗಿಯುತ್ತೇನೆ.

ನಾನು ಬಂದದ್ದು ಒಂದು ಸಮುದಾಯ ರೇಡಿಯೋ ಕೇಂದ್ರಕ್ಕೆ. ಅದಕ್ಕೂ ಮುನ್ನ ಹುಬ್ಬಳ್ಳಿಯ ಪತ್ರಿಕೆಯೊಂದರ ಡೆಸ್ಕಿನಲ್ಲಿ ಏಳು ವರ್ಷ ಬೇರೆಯವರ ವರದಿ ತಿದ್ದುತ್ತಿದ್ದೆ. ಆ ಪತ್ರಿಕೆಯ ಹುಬ್ಬಳ್ಳಿ ಆವೃತ್ತಿ ಮುಚ್ಚಿತು. ಇಲ್ಲಿನ ಸಂಬಳ ಅಲ್ಲಿಯದಕ್ಕಿಂತ ಕಡಿಮೆ. ಕೆಲಸ ವರ್ಷ ವರ್ಷಕ್ಕೆ ಕರಾರಿನದು. ಹಬ್ಬಕ್ಕೆ ಊರಿಗೆ ಹೋಗಿ ಬಂದರೆ ಆ ತಿಂಗಳು ಬಿಗಿ. ಇಷ್ಟನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮುಂದಿನದನ್ನು ಓದಿದರೆ ಇವಳಿಗೆ ದುಡ್ಡಿನ ಚಿಂತೆ ಇರಲಿಲ್ಲವೇನೋ ಎನಿಸೀತು. ಇತ್ತು.

ಕೆಲಸ ಸರಳ. ಬೆಳಿಗ್ಗೆ ಗೂಡಿನ ಮಾರುಕಟ್ಟೆಗೆ ಹೋಗಬೇಕು. ರೈತರು ತಂದ ಗೂಡು ಜಾಲರಿ ತಟ್ಟೆಗಳಲ್ಲಿ ಹರಡಿರುತ್ತದೆ. ನೂಲು ತೆಗೆಯುವವರು ಒಂದೊಂದು ಹಿಡಿ ಎತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಫೋನಿನಲ್ಲಿ ದರ ಒತ್ತುತ್ತಾರೆ. ಆ ದಿನದ ದರವನ್ನೂ, ಅದು ಏರಿದ್ದೇಕೆ ಇಳಿದದ್ದೇಕೆ ಎಂಬುದನ್ನೂ ಕೇಳಿ ತಿಳಿದು ಹತ್ತು ನಿಮಿಷದಲ್ಲಿ ಹೇಳಬೇಕು. ಜೊತೆಗೆ ಕಳೆದುಹೋದ ಹಸು, ಬದಲಾದ ಬಸ್ಸಿನ ಸಮಯ, ಚನ್ನಪಟ್ಟಣದ ಗೊಂಬೆ ಕೆಲಸದವರ ಮನೆಯ ಮದುವೆ. ನಮ್ಮ ಪ್ರಸಾರ ಕನಕಪುರದ ಆಚೆ ತಲುಪುವುದಿಲ್ಲ. ಹಾಗಾಗಿ ಅದೇ ಧ್ವನಿಯನ್ನು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಒಮ್ಮೆ ಉಯ್ಯಂಬಳ್ಳಿಯ ಬಸ್ಸಿನಲ್ಲಿ ನಾನು ಟಿಕೆಟ್ ಕೇಳಿದಾಗ ಹಿಂದಿನ ಸೀಟಿನ ಮುದುಕ ಥಟ್ಟನೆ, “ನೀನು ರೇಟ್ ಹೇಳೋ ಹೆಂಗ್ಸಲ್ವಾ? ನಿನ್ನೆ ಯಾಕ್ ಬರ್ಲಿಲ್ಲ?” ಎಂದು ಜಗಳಕ್ಕೆ ಬಂದ. ಏಳು ವರ್ಷ ಪತ್ರಿಕೆಯಲ್ಲಿದ್ದಾಗ ನಿನ್ನೆ ಯಾಕೆ ಬರಲಿಲ್ಲ ಎಂದು ಯಾವ ಓದುಗನೂ ನನ್ನನ್ನು ಕೇಳಿರಲಿಲ್ಲ.

ಈ ಕೆಲಸದಲ್ಲಿ ನನಗೆ ಹತ್ತಿರವಾದವರು ಕೋಡಿಹಳ್ಳಿ ಕಡೆಯ ರತ್ನಮ್ಮ. ಹಿಪ್ಪುನೇರಳೆ ತೋಟ, ಎರಡು ಹಸು, ಮನೆಗೆ ತಾಗಿದಂತೆ ರೇಷ್ಮೆಹುಳು ಸಾಕುವ ಹುಳುಮನೆ. ದರ ಬಿದ್ದ ದಿನ ಫೋನ್ ಮಾಡಿ ನನ್ನನ್ನೇ ಬೈಯುತ್ತಿದ್ದರು. ಮೊದಲ ಸಲ ಅವರ ಮನೆಗೆ ಹೋದಾಗ ಹುಳು ನೋಡಲು ಚಪ್ಪಲಿ ಬಿಟ್ಟು ಬಾಗಿಲಿನತ್ತ ನಡೆದೆ. ಒಳಗಿನಿಂದಲೇ ಕೂಗಿದರು.

“ಅಲ್ಲೇ ನಿಂತ್ಕೊ! ಊರೂರು ಸುತ್ಕಂಡ್ ಬಂದಿದ್ದೀಯ. ಕಾಲಲ್ಲಿ ಏನೇನ್ ರೋಗ ತಂದಿದ್ದೀಯೋ.”

ನನಗೆ ನೋವಾಯಿತು. ನಮ್ಮೂರಲ್ಲಿ ಬಂದವರನ್ನು ಅಡುಗೆಮನೆಯ ತನಕ ಕರೆಯದಿದ್ದರೆ ಅದು ಅವಮಾನ. ಇಲ್ಲಿ ಹುಳು ಸಾಕುವ ಎಲ್ಲ ಮನೆಗಳಲ್ಲೂ ಇದೇ ನಿಯಮವೆಂದು, ರತ್ನಮ್ಮನ ಸ್ವಂತ ತಮ್ಮ ಬಂದರೂ ಜಗಲಿಯಲ್ಲೇ ಕೂರಬೇಕೆಂದು ಆಮೇಲೆ ತಿಳಿಯಿತು. ಮೂರು ವರ್ಷ ನಾನು ಆ ಜಗಲಿಯಲ್ಲಿ ಕೂತು, ಸೊಳ್ಳೆಪರದೆ ಬಡಿದ ಕಿಟಕಿಯ ಮೂಲಕ ಅವರ ಜೊತೆ ಮಾತಾಡಿದ್ದೇನೆ. ಅವರು ಸೊಪ್ಪು ಹಾಕುತ್ತಿರುವಾಗ ಒಳಗಿನಿಂದ ಬರುವ, ನೂರಾರು ಬಾಯಿ ಮೇಯುವ ಚರಚರ ಸದ್ದು ನನ್ನ ಎಷ್ಟೋ ಧ್ವನಿಮುದ್ರಣಗಳ ಹಿನ್ನೆಲೆಯಲ್ಲಿದೆ.

ಈ ಬೇಸಿಗೆಯಲ್ಲಿ ಊರಿನಿಂದ ಅಣ್ಣ ಫೋನ್ ಮಾಡಿದ. ನಾನು ಇಲ್ಲಿಗೆ ಬರುವ ಮೊದಲು ಬರೆದು ಮರೆತಿದ್ದ ಪರೀಕ್ಷೆಯೊಂದರ ಪಟ್ಟಿ ಬಂದಿತ್ತು. ಸರ್ಕಾರಿ ಇಲಾಖೆಯೊಂದರ ಪ್ರಕಟಣಾ ವಿಭಾಗ, ವಿಜಯಪುರದಲ್ಲೇ ಜಾಗ, ಕಾಯಂ. ಹೇಳಿದ ದಿನ ಹಾಜರಾಗದಿದ್ದರೆ ಪಟ್ಟಿಯ ಮುಂದಿನವರಿಗೆ ಹೋಗುತ್ತದೆ. ನನ್ನ ವಯೋಮಿತಿ ಮುಗಿದಿರುವುದರಿಂದ ಇಂಥದ್ದು ಇನ್ನೊಮ್ಮೆ ಬರುವುದಿಲ್ಲ.

ನಾನು ಡೆಸ್ಕಿನ ಅಭ್ಯಾಸದಂತೆ ಎರಡೂ ಕಡೆಯ ವಾದ ಕೇಳಿಸಿಕೊಂಡೆ. ಆ ಕೆಲಸದಲ್ಲಿ ಬಡ್ತಿ ಇದೆ, ಮನೆ ಕಟ್ಟುವ ಸಾಲ ಸಿಗುತ್ತದೆ, ಅವ್ವ ಮತ್ತು ಅಣ್ಣನ ಮಕ್ಕಳು ನಡೆದು ಹೋಗುವಷ್ಟು ದೂರದಲ್ಲಿದ್ದಾರೆ. ಮಾಡಬೇಕಾದ್ದು, ಮೇಲಿನಿಂದ ಬಂದ ಪ್ರಕಟಣೆಯನ್ನು ಒಪ್ಪವಾಗಿ ತಿದ್ದಿ ಪತ್ರಿಕೆಗಳಿಗೆ ಕಳಿಸುವುದು. ಅದು ನನಗೆ ಚೆನ್ನಾಗಿ ಬರುತ್ತದೆ. ಕಷ್ಟವೇ ಅದು, ಮತ್ತೆ ಬೇರೆಯವರ ಬರಹವನ್ನೇ ತಿದ್ದುತ್ತ ಕೂರುವುದು. ಆದರೂ ಹೋಗುವುದೆಂದು ನಿರ್ಧರಿಸಿ ಬೆಂಗಳೂರಿನಿಂದ ವಿಜಯಪುರಕ್ಕೆ ಬಸ್ಸು ಕಾದಿರಿಸಿದೆ. ಹೊರಡುವ ದಿನ ಸಂಜೆಯ ತನಕ ಬಿಡುವಿದ್ದುದರಿಂದ ಬೆಳಿಗ್ಗೆ ಕೋಣೆ ಖಾಲಿ ಮಾಡಿ, ಚೀಲ ಹೊತ್ತುಕೊಂಡೇ ರತ್ನಮ್ಮನಿಗೆ ಹೇಳಿ ಹೊರಡೋಣವೆಂದು ಹೋದೆ.

ಅವರ ಮನೆಯಲ್ಲಿ ಗಲಾಟೆ. ಸೆಖೆಗೆ ಹುಳುಗಳೆಲ್ಲ ಒಂದೇ ಸಲ ಹಣ್ಣಾಗಿದ್ದವು. ಹಣ್ಣಾಗುವುದೆಂದರೆ, ಮೇಯುವುದು ಬಿಟ್ಟು ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕುತ್ತ ತಲೆ ಎತ್ತುವುದು. ಆಗ ಅವನ್ನು ಆರಿಸಿ ಚಂದ್ರಂಕಿಗೆ, ಅಂದರೆ ಸುರುಳಿ ಸುತ್ತಿದ ಬಿದಿರ ತಟ್ಟಿಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಸುತ್ತಿ ಬೆಳೆ ಹಾಳು. ಅಕ್ಕಪಕ್ಕದ ಮನೆಗಳಲ್ಲೂ ಅದೇ ಸ್ಥಿತಿ, ಕರೆದರೆ ಬರುವವರಿಲ್ಲ. ನಾನು ಎಂದಿನಂತೆ ಜಗಲಿಯಲ್ಲಿ ಕೂತೆ.

“ಅಲ್ಯಾಕ್ ಕುಂತೆ?” ಎಂದರು ರತ್ನಮ್ಮ ಕಿಟಕಿಯಿಂದ. “ಕೈಕಾಲು ತೊಳ್ಕಂಡು ಒಳಿಕ್ ಬಾ.”

ನಾನು ಎದ್ದವಳು ಅಲ್ಲೇ ನಿಂತೆ. ಮುಖದಲ್ಲಿ ಏನು ಕಂಡಿತೋ.

“ಏನೋ ದೊಡ್ಡ ಮರ್ವಾದೆ ಅನ್ಕಬ್ಯಾಡ. ಆಳಿಲ್ಲ, ಅದ್ಕೇ ಕರೀತಿರೋದು. ಬಿರ್ರನ್ ಬಾ.”

ಒಳಗೆ ರತ್ನಮ್ಮನ ಗಂಡ ಪುಟ್ಟಸ್ವಾಮಿ ಮತ್ತು ಅವರ ಗೆಳೆಯ ಕೆಂಪಣ್ಣ ಇದ್ದರು. ಹುಳು ಕೈಗೆ ತಣ್ಣಗಿತ್ತು, ನಾನು ಊಹಿಸಿದ್ದಕ್ಕಿಂತ ಮೆತ್ತಗೆ. ಹಣ್ಣಾದದ್ದು ಯಾವುದು, ಆಗದ್ದು ಯಾವುದು ಎಂದು ತಿಳಿಯಲು ಹೊತ್ತು ಹಿಡಿಯಿತು. ನನ್ನ ಸಮಾಧಾನಕ್ಕೆ ಕೆಂಪಣ್ಣನಿಗೂ ಬೈಗುಳ ಬೀಳುತ್ತಿತ್ತು.

“ಲೇ ಕೆಂಪ, ಹಸಿ ಹುಳ ಎತ್ತಾಕ್ತಿದ್ದೀಯ ಕಣ್ಲಾ. ಕಣ್ಣೇನ್ ಮನೇಲಿ ಬುಟ್ ಬಂದಿದ್ದೀಯಾ?” ಎಂದರು ಪುಟ್ಟಸ್ವಾಮಿ.

“ನಿನ್ ಹುಳ ನಿನ್ನಂಗೇ ಕಣ್ಲಾ. ಹಣ್ಣಾಗದೆ ಇದ್ರೂ ತಲೆ ಎತ್ತುತ್ತದೆ.”

ನಾನು ಬಂದ ಕಾರಣ ಹೇಳಿದೆ. ಕೈಗಳು ನಿಲ್ಲಲಿಲ್ಲ. ರತ್ನಮ್ಮ ಒಂದೊಂದಾಗಿ ಕೇಳಿದರು.

“ಗೌರ್ಮೆಂಟಾ?”

“ಹೌದು.”

“ನಿಮ್ಮೂರಲ್ಲೇನಾ?”

“ಅಲ್ಲೇ.”

“ಮತ್ತೆ ಮಕ ಯಾಕ್ ಹಂಗ್ ಮಾಡ್ಕಂಡಿದ್ದೀಯ? ಸುಮ್ಕೆ ಹೋಗು.”

“ಇವ್ಳು ಹೋದ್ರೆ ರೇಟ್ ಯಾರ್ ಹೇಳ್ತಾರೆ?” ಎಂದರು ಕೆಂಪಣ್ಣ.

“ಫೋನ್ ಒತ್ತಿದ್ರೆ ರೇಟ್ ಬತ್ತದೆ ಕಣ್ಲಾ. ಇವ್ಳೇ ಹೇಳ್ಬೇಕಾ?” ಎಂದರು ಪುಟ್ಟಸ್ವಾಮಿ.

ಅದು ಸತ್ಯ. ನಾನೂ ಅದನ್ನೇ ನನಗೆ ಹೇಳಿಕೊಂಡಿದ್ದೆ.

“ರೇಟ್ ಬತ್ತದೆ,” ಎಂದರು ರತ್ನಮ್ಮ, ಹುಳದಿಂದ ಕಣ್ಣು ತೆಗೆಯದೆ. “ಯಾಕ್ ಬಿತ್ತು ಅಂತ ಬರಾಕಿಲ್ಲ. ಅದ್ನ ಇವ್ಳೇ ಹೋಗಿ ಕೇಳ್ಕಂಡ್ ಬಂದು ಹೇಳ್ತಾಳೆ.” ಇನ್ನೊಂದು ಹುಳು ಆರಿಸಿ ತಟ್ಟಿಗೆ ಬಿಟ್ಟು, “ಆದ್ರೂ ಹೋಗು. ಇಲ್ಲಿ ಇಟ್ಕಂಡು ನಿಂಗೇನ್ ಪಿಂಚಣಿ ಕೊಡ್ತೀವಾ ನಾವು?” ಎಂದರು.

ಮಧ್ಯಾಹ್ನ ದಾಟಿದ ಮೇಲೆ ಕೆಲಸ ಮುಗಿಯಿತು. ಮುದ್ದೆ, ಸೊಪ್ಪಿನ ಸಾರು ಬಡಿಸಿದರು. ಹೊರಡುವಾಗ ರತ್ನಮ್ಮ ನನ್ನ ಚೀಲಕ್ಕೆ ಹುರುಳಿಕಾಳು ಸುರಿದು, “ನಿಮ್ಮವ್ವುಂಗೆ ಕೊಡು,” ಎಂದರು.

ಸಂಜೆಯ ಬಸ್ಸಿಗೆ ಸಮಯವಿತ್ತು. ಇದನ್ನು ಸ್ಪಷ್ಟವಾಗಿ ಬರೆಯಬೇಕು. ಬಸ್ಸು ತಪ್ಪಲಿಲ್ಲ, ಯಾರೂ ತಡೆಯಲಿಲ್ಲ, ಮಳೆ ಬರಲಿಲ್ಲ. ಕನಕಪುರಕ್ಕೆ ಬರುವ ದಾರಿಯಲ್ಲಿ ನಾನು ಮಾರುಕಟ್ಟೆಯ ಪರಿಚಿತ ವ್ಯಾಪಾರಿಗೆ ಫೋನ್ ಮಾಡಿ ಆ ದಿನದ ದರ ಕೇಳಿದೆ. ಇಳಿದಿತ್ತು. ಯಾಕೆ ಎಂದು ಕೇಳಿದೆ. ಸೆಖೆಗೆ ಎಲ್ಲ ಊರಿನ ಬೆಳೆಯೂ ಒಟ್ಟಿಗೆ ಬರುವ ಸುದ್ದಿ ಇದೆ, ಕೊಳ್ಳುವವರು ಕಾಯುತ್ತಿದ್ದಾರೆ ಎಂದ. ಮೂರ್ನಾಲ್ಕು ದಿನ ತಡೆದು ತರುವವರಿಗೆ ಇನ್ನೂ ಕಡಿಮೆ ಸಿಗಬಹುದು, ಇದನ್ನು ನಾಳೆ ಮೊದಲ ಸಾಲಿನಲ್ಲೇ ಹೇಳಬೇಕು ಎಂದುಕೊಂಡೆ. ಆ ‘ನಾಳೆ’ ನನ್ನದಲ್ಲ ಎಂಬುದು ಸುಮಾರು ಹೊತ್ತಿನ ತನಕ ಹೊಳೆಯಲೇ ಇಲ್ಲ. ಹೊಳೆದಾಗ ಬಸ್ಸು ಕನಕಪುರ ನಿಲ್ದಾಣಕ್ಕೆ ಬಂದಿತ್ತು. ಬೆಂಗಳೂರಿನ ಬಸ್ಸೂ ನಿಂತಿತ್ತು, ರಾಮನಗರದ್ದೂ ನಿಂತಿತ್ತು. ನಾನು ರಾಮನಗರದ್ದು ಹತ್ತಿದೆ.

ಇದು ಸರಿಯಾದ ನಿರ್ಧಾರವೆಂದು ಸಾಬೀತು ಮಾಡಲು ನನ್ನ ಬಳಿ ಏನೂ ಇಲ್ಲ. ಕೇಂದ್ರದ ಕರಾರು ಮುಂದಿನ ವರ್ಷ ಮುಂದುವರಿಯುವ ಖಾತರಿಯಿಲ್ಲ. ಇಂಥದೇ ಸ್ಥಿತಿಯಲ್ಲಿ ಇರುವವರಿಗೆ ನನ್ನಂತೆ ಮಾಡಿ ಎಂದು ಹೇಳಲಾರೆ. ಜುಲೇಖಾ ಆಪಾ ಮಾತ್ರ ಬಾಗಿಲು ತೆರೆದು, “ಹಾಯ್ ಅಲ್ಲಾ, ಹೊಸ ಬಾಡಿಗೆಯೋರಿಗೆ ಜಾಸ್ತಿ ಹೇಳಿದ್ದೆ ನಾನು!” ಎಂದು ನಕ್ಕು ಚಹಾಕ್ಕೆ ಇಟ್ಟರು.

ಅವ್ವನಿಗೆ ಫೋನ್ ಮಾಡಿದೆ. ಬೈಗುಳಕ್ಕೆ ಸಿದ್ಧಳಾಗಿ ಫೋನನ್ನು ಕಿವಿಯಿಂದ ದೂರ ಹಿಡಿದಿದ್ದೆ. ಅವ್ವ ಬೈಯಲಿಲ್ಲ.

“ನಾ ಏನ್ ಬೈಯೂದೈತಿ ಬಿಡ. ನೀ ಈಗ ಆ ಊರಾಕಿ ಆಗೀದಿ. ಬೈಯೂದಿದ್ರ ಅಲ್ಲೀ ಮಂದಿನ ಬೈಲಿ.”

ರತ್ನಮ್ಮ ವಿಷಯ ತಿಳಿದ ಮೇಲೆ ಫೋನ್ ಎತ್ತಲಿಲ್ಲ. ದರ ಬಿದ್ದ ದಿನಗಳಲ್ಲೂ ಕರೆ ಬರಲಿಲ್ಲ. ಮುಂದಿನ ಬೆಳೆ ಅರ್ಧವಾದಾಗ ನಾನೇ ಹೋದೆ. ಜಗಲಿಯ ಮೇಲೆ ಅವರ ಸಂಬಂಧಿಕರೊಬ್ಬರು ಕೂತಿದ್ದರು. ಅವರನ್ನೂ ಒಳಗೆ ಬಿಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ. ಇದ್ಯಾರು ಎಂದು ಅವರು ಕಿಟಕಿಯತ್ತ ಕೇಳಿದರು.

“ರೇಡಿಯೋದವ್ಳು,” ಎಂದಿತು ಪರದೆಯ ಹಿಂದಿನ ಧ್ವನಿ. “ಗೌರ್ಮೆಂಟ್ ಕೆಲ್ಸ ಬುಟ್ಟು ಕುಂತವ್ಳೆ ಇಲ್ಲಿ.”

“ಅಯ್ಯೋ! ನೀನಾದ್ರೂ ಒಸಿ ಬಯ್ದು ಹೇಳ್ಬಾರ್ದಾ?”

“ನನ್ ಮಗ್ಳಾಗಿದ್ರೆ ಜುಟ್ಟು ಹಿಡ್ದು ಬಸ್ ಹತ್ತುಸ್ತಿದ್ದೆ. ಬ್ಯಾರೆ ಊರವ್ಳು. ಎಷ್ಟು ಅಂತ ಬಯ್ಯಕಾಯ್ತದೆ?”

ಒಳಗೆ ಸೊಪ್ಪು ಹರಡುವ ಸದ್ದು ಮುಂದುವರಿಯಿತು. ನನ್ನನ್ನು ಬೈಯುವ ಹಕ್ಕನ್ನು ಎರಡು ಊರುಗಳು ಒಂದಕ್ಕೊಂದು ಬಿಟ್ಟುಕೊಟ್ಟಿದ್ದವು.