ಕೋಟೆಯಲ್ಲಿ ನಾರ್ಮನ್ ಹೆಸ್ಲೊಪ್‌ನ ಭಾನುವಾರದೂಟ

ನಾರ್ಮನ್ ಹೆಸ್ಲೊಪ್‌ನ ಮುತ್ತಜ್ಜ ರಾಲ್ಫ್ ಕಲ್ಲುಕುಟಿಗ. ಬಿರುಗಾಳಿಗೆ ನಮ್ಮೂರ ಕೋಟೆಯ ಉತ್ತರದ ಬುರುಜು ಬಾಯಿಬಿಟ್ಟಾಗ ಸೊಂಟಕ್ಕೆ ಹಗ್ಗ ಬಿಗಿದು ನೇತಾಡುತ್ತಲೇ ಅದನ್ನು ಮುಚ್ಚಿದವನು. ಅಜ್ಜ ಮ್ಯಾಥ್ಯೂ, ಕೋಟೆಯ ಲಾಯಕ್ಕೆ ಬೆಂಕಿ ಬಿದ್ದಾಗ ಕುದುರೆಗಳ ಕಣ್ಣಿಗೆ ತನ್ನ ಅಂಗಿ ಕಟ್ಟಿ ಒಂದೊಂದನ್ನೇ ಹೊರಗೆಳೆದು ತಂದವನು. ಅಪ್ಪ ಜಾಕ್, ನಮ್ಮ ನಾರ್ತಂಬರ್ಲೆಂಡ್ ಸೀಮೆಯ ದಾರಿಗಳೆಲ್ಲ ಹಿಮದಲ್ಲಿ ಹೂತುಹೋದ ಚಳಿಗಾಲದಲ್ಲಿ ಕೋಟೆಗೂ ಊರಿಗೂ ಬೆನ್ನ ಮೇಲೆ ಕಲ್ಲಿದ್ದಲು ಹೊತ್ತವನು. ಮೂವರೂ ಕೋಟೆಯ ಹಿಂಬಾಗಿಲು ಕಂಡವರೇ ಹೊರತು ದೊಡ್ಡ ಹಜಾರದಲ್ಲಿ ಕುಂಡಿ ಊರಿದವರಲ್ಲ. ಆದರೆ ಭಾನುವಾರ ಮಧ್ಯಾಹ್ನ ತಮ್ಮ ಮನೆಯಲ್ಲಿ ಅವರೇ ದೊರೆಗಳು. ಒಲೆಯಲ್ಲಿ ಬೆಂದ ದನದ ಮಾಂಸದ ಇಡೀ ತುಂಡನ್ನು ಮೇಜಿನ ತಲೆಗೆ ನಿಂತು ಕೊಯ್ದು ಬಡಿಸುವುದು ಮನೆಯ ಯಜಮಾನನ ಕೆಲಸ. ಆತ ಚೂರಿ ಕೆಳಗಿಡುವ ತನಕ ಯಾರೂ ತಟ್ಟೆಗೆ ಕೈ ಹಾಕುವಂತಿಲ್ಲ.

ನಾರ್ಮನ್ ಬಸ್ಸು ಓಡಿಸಿ ಸಂಸಾರ ಸಾಕಿದವನು. ಮಾತು ಕಮ್ಮಿ, ಮೊಂಡುತನ ಜಾಸ್ತಿ. ಕಳೆದ ಚಳಿಗಾಲ ಲಕ್ವ ಹೊಡೆದು ಬಲಗೈ ಸೋತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಭಾನುವಾರವೇ ಅಳಿಯ ಕೀತ್ ಚೂರಿ ಹಿಡಿದ. ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ. ಚೂರಿ ತಾನಾಗಿ ಕೈ ಬದಲಾಯಿಸಿತು. ಅಂದಿನಿಂದ ನಾರ್ಮನ್ ಅಡುಗೆಮನೆಯ ಬಾಗಿಲು ಮುಚ್ಚಿಕೊಂಡು ಎಡಗೈಯಲ್ಲಿ ಬ್ರೆಡ್ಡು ಕೊಯ್ದು ಅಭ್ಯಾಸ ಮಾಡಿದ. ಹೋಳಾಗದೆ ಪುಡಿಯಾದದ್ದನ್ನು ಹಿತ್ತಲ ಹಕ್ಕಿಗಳಿಗೆ ಚೆಲ್ಲುತ್ತಿದ್ದ. ಹೆಂಡತಿ ಐರೀನ್ ಕಂಡೂ ಕಾಣದಂತಿದ್ದಳು.

ಕೋಟೆ ಈಗ ಹೋಟೆಲು. ಐರೀನಳ ಹುಟ್ಟುಹಬ್ಬ ಭಾನುವಾರವೇ ಬಿದ್ದಾಗ ನಾರ್ಮನ್ ತಾನೇ ಫೋನು ಮಾಡಿ ಅಲ್ಲಿ ಮೇಜು ಹಿಡಿದ. ಮಾಂಸದ ತುಂಡು ಕೊಯ್ಯದೆ ಹಾಗೇ ಬರಬೇಕು, ಕೊಯ್ಯುವವನು ನಾನು ಎಂದು ಒತ್ತಿ ಒತ್ತಿ ಹೇಳಿದ. ಕೋಟೆಯ ಹಜಾರದಲ್ಲಿ, ಮಗಳು ಅಳಿಯನ ಎದುರಲ್ಲಿ ಯಜಮಾನಿಕೆ ಮರಳಿ ಪಡೆಯಬೇಕೆಂಬುದು ಅವನ ಹಟ.

ಬಡಿಸುವಾಕೆ ತಂದಿಟ್ಟು ಹೋದದ್ದು ನಾಲ್ಕು ತಟ್ಟೆ. ಒಳಗೇ ಕೊಯ್ದ ತೆಳ್ಳನೆ ಹೋಳುಗಳು, ಉಬ್ಬುವ ಬದಲು ಕುಸಿದ ಹಿಟ್ಟಿನ ಯಾರ್ಕ್‌ಶೈರ್ ಪುಡಿಂಗ್, ನೀರು ನೀರಾದ ಗ್ರೇವಿ.

"ಇದೇನಿದು? ನಾನು ಹೇಳಿದ್ದು ಇಡೀ ತುಂಡು!" ಎಂದ ನಾರ್ಮನ್.

"ಹಾಗಾದ್ರೆ ಅವಳಿಗೆ ಹೇಳಪ್ಪಾ," ಎಂದಳು ಮಗಳು ಜಿಲ್.

"ಹೇಳ್ದೆ ಬಿಡ್ತೀನಾ? ಬರ್ಲಿ ತಾಳು."

ಬಡಿಸುವಾಕೆ ನಗುತ್ತ ಬಂದಳು. "ಎಲ್ಲಾ ಚೆನ್ನಾಗಿದೆಯಾ?"

"ತುಂಬಾ ಚೆನ್ನಾಗಿದೆ, ಥ್ಯಾಂಕ್ಸ್," ಎಂದರು ನಾಲ್ವರೂ. ಎಲ್ಲರಿಗಿಂತ ಜೋರಾಗಿ ಅಂದವನು ನಾರ್ಮನ್.

ನಮ್ಮ ಜನದ ಹಣೆಬರಹವೇ ಇದು. ಕೆಟ್ಟ ಊಟವನ್ನು ಮನೆಗೆ ಹೋಗಿ ವಾರವಿಡೀ ಬಯ್ಯುತ್ತೇವೆ. ಬಡಿಸುವವರು ಕೇಳಿದರೆ ಬಾಯಿಗೆ ಬರುವುದು ಹೊಗಳಿಕೆ.

"ಚೆನ್ನಾಗಿ ಬೈದೆ ಬಿಡು," ಐರೀನ್ ಕೆಣಕಿದಳು. "ಪಾಪ, ಹುಡುಗಿ ನಡುಗಿಹೋದ್ಲು."

ನಾರ್ಮನ್‌ನ ಕಿವಿ ಕೆಂಪಾಯಿತು. ಮುಖ ತಿರುಗಿಸಿದವನಿಗೆ ಕಿಟಕಿಯ ಬಳಿಯ ಮೇಜು ಕಣ್ಣಿಗೆ ಬಿತ್ತು. ಅಲ್ಲೊಂದು ಎಳೆಯ ಜೋಡಿ. ಅವರ ನಡುವೆ ನಾಲ್ಕು ಜನಕ್ಕಾಗುವ ಮಾಂಸದ ಇಡೀ ತುಂಡು, ಪಕ್ಕದಲ್ಲಿ ಉದ್ದನೆಯ ಚೂರಿ. ಹುಡುಗ ಕಟ್ಟಿಗೆ ಸೀಳುವವನಂತೆ ಅದರ ಒಂದು ಮೂಲೆಯನ್ನು ಕೊಚ್ಚುತ್ತಿದ್ದ.

"ಅದು ನಂದು!"

"ಹೋಗ್ಲಿ ಬಿಡಿ ನಾರ್ಮನ್," ಎಂದ ಕೀತ್. "ತಿಂತಾ ಇರೋರ ಮುಂದೆ ಹೋಗಿ ಕೇಳೋಕಾಗುತ್ತಾ?"

ಅಷ್ಟರಲ್ಲಿ ಬಡಿಸುವಾಕೆ ಆ ಮೇಜಿಗೂ ಹೋಗಿ ಅದೇ ಪ್ರಶ್ನೆ ಕೇಳಿದಳು. "ತುಂಬಾ ಚೆನ್ನಾಗಿದೆ," ಎಂದಿತು ಜೋಡಿ, ಬೆವರು ಒರೆಸಿಕೊಳ್ಳುತ್ತ. ನಾರ್ಮನ್‌ಗೆ ತಡೆಯಲಾಗಲಿಲ್ಲ. ಕೋಲೂರಿ ಎದ್ದು ಹಜಾರ ದಾಟಿ ಹೋಗಿ ನಿಂತ.

"ಕ್ಷಮಿಸಿ. ಆ ಮಾಂಸ ನಮ್ಮದು."

ಹುಡುಗ ಚೂರಿ ಬಿಟ್ಟು ಉಸಿರುಬಿಟ್ಟ. "ಅಬ್ಬಾ, ನಿಮ್ದಾ? ಬದುಕಿಸಿದ್ರಿ! ಕೋಟೇಲಿ ಹೀಗೇ ಕೊಡ್ತಾರೇನೋ, ಬೇಡ ಅಂದ್ರೆ ಬೇಜಾರು ಮಾಡ್ಕೋತಾರೇನೋ ಅಂತ ತಿಂತಾ ಕೂತಿದ್ವಿ."

"ನಂಗಾಗ್ಲೇ ಹೊಟ್ಟೆನೋವು," ಎಂದಳು ಜೊತೆಯ ಹುಡುಗಿ.

ಬಡಿಸುವಾಕೆ ಕೆನ್ನೆ ಕೆಂಪಗೆ ಮಾಡಿಕೊಂಡು, ಇಡೀ ತುಂಡು ತಪ್ಪಿ ಈ ಮೇಜಿಗೆ ಬಂತು, ಹೊಸದು ಬೇಯಿಸಲು ಸಂಜೆಯಾಗುತ್ತದೆ ಎಂದಳು. "ಇದೇ ಸಾಕು," ಎಂದ ನಾರ್ಮನ್. ಒಂದು ಮೂಲೆ ಕೊಚ್ಚಿಸಿಕೊಂಡ, ತಣ್ಣಗಾದ ತುಂಡು ಅವನ ಮುಂದೆ ಬಂದು ಕೂತಿತು.

ಮೇಜಿನ ತಲೆಗೆ ನಿಂತು ಎಡಗೈಯಲ್ಲಿ ಚೂರಿ ಹಿಡಿದ. ಬ್ರೆಡ್ಡಿನಂತೆ ಮಾಂಸ ಚೂರಿಗೆ ಬಗ್ಗಲಿಲ್ಲ. ಮುಳ್ಳುಚಮಚ ಒತ್ತಿ ಹಿಡಿಯಲು ಬಲಗೈಗೆ ಕಸುವಿಲ್ಲ. ತುಂಡು ಜಾರಿತು, ಐರೀನಳ ಹೊಸ ಕುಪ್ಪಸಕ್ಕೆ ರಸ ಸಿಡಿಯಿತು. ಹಜಾರದ ಜನವೆಲ್ಲ ನೋಡದವರಂತೆ ನೋಡಿದರು. ಇನ್ನೊಮ್ಮೆ ಒತ್ತಿದ, ಒಂದು ಕಡೆ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದು ಕಡೆ ಕಾಗದದಂತೆ ಹರಿದ ಹೋಳೊಂದು ಬಿದ್ದಿತು.

ಕೀತ್ ಎದ್ದು ಬಂದು ಚೂರಿಯ ಹಿಡಿಗೆ ಕೈಚಾಚಿದ. "ಇಲ್ಲಿ ಕೊಡಿ. ಒಂದ್ನಿಮಿಷದ ಕೆಲ್ಸ."

"ಅವನಿಗೆ ಕೊಡಪ್ಪಾ, ಸುಸ್ತಾಗಿದೀಯ," ಎಂದಳು ಜಿಲ್.

ಐರೀನ್ ಮಾತ್ರ ಆ ವಕ್ರ ಹೋಳಿನ ಮುಂದೆ ತನ್ನ ತಟ್ಟೆ ಹಿಡಿದಳು.

"ಕೂತ್ಕೋ ಕೀತ್," ಎಂದ ನಾರ್ಮನ್. "ಕೂತ್ಕೋ ಅಂದೆ. ಕತ್ತಲಾದ್ರೂ ಆಗ್ಲಿ, ಸೊಟ್ಟಗೆ ಬಂದ್ರೆ ಸೊಟ್ಟಗೇ ತಿನ್ನಿ. ನೀನೂ ಬೇಡ, ಯಾರೂ ಬೇಡ. ಇದನ್ನ ನಾನೇ ಕೊಯ್ತೀನಿ."