ಮಗಳ ಒಂಬತ್ತನೆಯ ತರಗತಿ

ಹನ್ನೆರಡು ವರ್ಷದಿಂದ ಹೈದರಾಬಾದಿನ ನೀರು ಕುಡಿಯುತ್ತಿದ್ದೇನೆ. ನಾವು ಈ ಊರಿನವರಲ್ಲ ಎಂದು ತಿಳಿದದ್ದು ಮಾತ್ರ ಹೋದ ತಿಂಗಳು, ಇಂಜಿನಿಯರಿಂಗ್ ಸೀಟಿಗೆ ಕಾಗದ ಪರಿಶೀಲಿಸುವ ಕಡೆ. ಗುಮಾಸ್ತರು ಮಗಳು ಭಾಗ್ಯಳ ಶಾಲೆಯ ಸರ್ಟಿಫಿಕೇಟುಗಳನ್ನು ಇಸ್ಪೀಟೆಲೆಯಂತೆ ಹರಡಿ, ಒಂದರ ಮೇಲೆ ಬೆರಳಿಟ್ಟರು.

"ನಾನ್‌ಲೋಕಲ್ ಅಮ್ಮಾ."

ಹೊರಗಿನವಳು ಎಂದರ್ಥ. ಸರಕಾರ ಬಡಮಕ್ಕಳಿಗೆ ಕಟ್ಟುವ ಫೀಸು ಅವಳಿಗಿಲ್ಲ. ನಮ್ಮ ಬಡತನವನ್ನು ಯಾರೂ ಅಲ್ಲಗಳೆಯಲಿಲ್ಲ, ಅದು ಎಲ್ಲಿಯದು ಎಂದಷ್ಟೇ ನೋಡಿದರು.

ಅಮೀರ್‌ಪೇಟ್‌ನ ಹಾಸ್ಟೆಲೊಂದರಲ್ಲಿ ನಾನು ರೊಟ್ಟಿ ಬಡಿಯುತ್ತೇನೆ. ರಾಯಚೂರಿನ ಹತ್ತಿರದ ನಮ್ಮೂರು ಮಾನ್ವಿಯಲ್ಲಿ ಬಡಿಯುವ ಸದ್ದಿಗೇ ಪಕ್ಕದ ಮನೆಯವರು "ಪಲ್ಯಾ ಏನ ಮಾಡೀಯವಾ?" ಎಂದು ಕೂಗುತ್ತಿದ್ದರು. ಇಲ್ಲಿ ಅದು ಜೊನ್ನ ರೊಟ್ಟೆ. ಜೊನ್ನ ಎಂದರೆ ಜೋಳ. ತಿನ್ನುವವರು ಬಹಳ, ಕೇಳುವವರಿಲ್ಲ. ಗಂಡ ತೀರಿದ ಮೇಲೆ ಕುಷಾಯಿಗೂಡದ ಕೋಣೆಯಲ್ಲಿ ನಾವಿಬ್ಬರೇ. ಮಗಳೂ ತೆಲುಗಿನಲ್ಲೇ ಉತ್ತರಿಸತೊಡಗಿದಾಗ ನನ್ನ ಭಾಷೆಯಲ್ಲಿ ಜಗಳವಾಡಲಿಕ್ಕೂ ಒಬ್ಬರು ಉಳಿಯಲಿಲ್ಲ. ಅದಕ್ಕೇ ಒಂಬತ್ತನೆಯ ತರಗತಿಯನ್ನು ಊರಿನ ಕನ್ನಡ ಶಾಲೆಯಲ್ಲಿ ಓದಲೆಂದು ಅವಳನ್ನು ನನ್ನವ್ವನ ಹತ್ತಿರ ಬಿಟ್ಟು ಬಂದೆ. ವರ್ಷ ಕಳೆದು ಮರಳಿದವಳು ಬಾಗಿಲಲ್ಲೇ, "ಯವ್ವಾ, ಭಾಳ ಹಸಿವಾಗೈತಿ, ಏನರ ಕೊಡಬೇ" ಎಂದಳು. ಗೆದ್ದೆ ಅಂದುಕೊಂಡೆ.

ಇದನ್ನೆಲ್ಲ ಗುಮಾಸ್ತರಿಗೆ ಹರಕು ತೆಲುಗಿನಲ್ಲಿ ಹೇಳಿದೆ. ಅವರು ದನಿ ತಗ್ಗಿಸಿದರು.

"ಅಕ್ಕಾರ, ನಮ್ಮ ಹಿರ್ಯಾರೂ ರಾಯಚೂರ ಕಡೆಯವ್ರ. ಒಂಬತ್ತರಿಂದ ಇಂಟರ್ ತನಕ ನಾಕೂ ವರ್ಷ ಇಲ್ಲೇ ಓದಿರಬೇಕ್ರಿ. ನಾ ಏನ್ ಮಾಡ್ಲಿ?"

ಇಂಟರ್ ಎಂದರೆ ನಮ್ಮ ಪಿಯುಸಿ. ಮನೆಯ ಹೊರಗೆ ಎಷ್ಟೋ ತಿಂಗಳ ಮೇಲೆ ಕಿವಿಗೆ ಬಿದ್ದ ಕನ್ನಡ ಅದು.

"ಕರ್ನಾಟಕದಾಗ ಅರ್ಜಿ ಹಾಕಿದ್ರರೀ?"

"ಅಲ್ಲಿ ಓದಿದ್ದು ಒಂದ ವರ್ಷ ಅಲ್ರೀ. ಅವ್ರೂ ಹೊರಗಿನಾಕಿ ಅಂತಾರ."

ಬಸ್ಸಿನಲ್ಲಿ ನಾನು ಕಣ್ಣೊರೆಸಿಕೊಂಡರೆ ಭಾಗ್ಯ ಗದರಿದಳು. "ಸುಮ್ನಿರಬೇ, ಜನ ನೋಡಾಕತ್ತಾರ."

ಇಂಜಿನಿಯರಿಂಗ್ ಬಿಟ್ಟು, ನನ್ನ ಪಗಾರಕ್ಕೆ ಎಟಕುವ ಡಿಗ್ರಿ ಕಾಲೇಜಿಗೆ ಸೇರಿದಳು. ಮೊನ್ನೆ ಅವ್ವ ಫೋನು ಮಾಡಿ ಜಬರಿಸಿದಳು: "ಹುಡುಗೀನ ಇಲ್ಲಿಗೇ ಕಳಸ. ತನ್ನ ಊರಾಗ ಆಕಿಗೆ ಯಾರ ಬ್ಯಾಡ ಅಂತಾರ?"

ಭಾಗ್ಯಳೇ ಫೋನು ಇಸಿದುಕೊಂಡಳು.

"ಅಲ್ಲೀನೂ ನಾವು ಹೊರಗಿನವರಂತ ಅಜ್ಜಿ. ಇರ್ಲಿ ಬಿಡ, ನೀ ಊಟ ಮಾಡ್ದೇನ?"

ಆ ಒಂದು ವರ್ಷ ಕಲಿತ ಕನ್ನಡದಲ್ಲಿ ಹೇಳಿದಳು, ಎಲ್ಲಿಯೂ ತಡವರಿಸದೆ.